ಕಂಪನಿ ಇನ್ಶೂರೆನ್ಸ್ ಇದ್ದರೂ ಒಬಾಮಾಕೇರ್ ಗೊಡವೆ ಯಾಕೆ ಬೇಕು?

ಮೊದಲಿಗೆ, ಸರ್ ಬೇಡ. ಅಣ್ಣ ಅಂದರೆ ಸಾಕು.

ಮಂಡ್ಯದಿಂದ ಒಹಾಯೋದ ಕೊಲಂಬಸ್‌ಗೆ ಬರುತ್ತಿದ್ದೀಯ. ಎಚ್‌-1ಬಿ ಕೆಲಸದ ವೀಸಾ ಸಿಕ್ಕಿದೆ, ಇನ್ಶೂರೆನ್ಸ್ ಕಂಪನಿಯೇ ಕೊಡುತ್ತದೆ. ಒಬಾಮಾಕೇರ್, ಅಂದರೆ ಒಬಾಮಾ ತಂದ ಆರೋಗ್ಯ ವಿಮೆ ಕಾನೂನು, ತೆಗೀಬೇಕು, ಉಳಿಸಬೇಕು ಅಂತ ಇಲ್ಲಿಯವರು ವರ್ಷಗಟ್ಟಲೆ ಕಿತ್ತಾಡುವುದು ನಮ್ಮಂಥವರಿಗೆ ಯಾಕೆ ಬೇಕು ಅಂತ ನಿನ್ನ ಪ್ರಶ್ನೆ, ಅಲ್ವಾ? 2001ರಲ್ಲಿ ಬಂದಾಗ ನಾನೂ ಹೀಗೇ ಅಂದುಕೊಂಡಿದ್ದೆ. 2009ರಲ್ಲಿ ಬುದ್ಧಿ ಬಂತು.

ಆಗ ನಾನಿದ್ದದ್ದು ಹದಿನೈದು ಜನರ ಸಣ್ಣ ಕಂಪನಿ. ಒಂದು ಶುಕ್ರವಾರ ಬಾಗಿಲು ಹಾಕಿತು. ಗ್ರೀನ್ ಕಾರ್ಡ್ ಬಂದಿತ್ತು, ವೀಸಾ ಚಿಂತೆ ಇರಲಿಲ್ಲ. ಕೆಲಸ ಹೋದವರು ಹಳೇ ಇನ್ಶೂರೆನ್ಸನ್ನೇ 18 ತಿಂಗಳು ಮುಂದುವರಿಸಿಕೊಳ್ಳಲು ಕೋಬ್ರಾ ಅಂತ ಒಂದು ಏರ್ಪಾಡಿದೆ. ಕಂಪನಿ ಕಟ್ಟುತ್ತಿದ್ದ ಪಾಲನ್ನೂ ನಾವೇ ಕಟ್ಟಬೇಕು, ಮೇಲೆ 2 ಪರ್ಸೆಂಟ್ ಬೇರೆ. ಹೆಸರಿಗೆ ತಕ್ಕ ಹಾಗೆ ಕಚ್ಚುತ್ತದೆ. ನನಗೆ ಅದೂ ಸಿಗಲಿಲ್ಲ. ಕಂಪನಿಯೇ ಇಲ್ಲ ಅಂದಮೇಲೆ ಅದರ ಪ್ಲಾನ್ ಎಲ್ಲಿಂದ ಬರಬೇಕು?

ಸ್ವಂತಕ್ಕೆ ಒಂದು ಪಾಲಿಸಿ ಕೊಳ್ಳೋಣ ಅಂತ ಅರ್ಜಿ ಹಾಕಿದೆವು. ಮೂರೂ ಜನರ ಕಾಯಿಲೆ ಕಸಾಲೆಯ ಜಾತಕವನ್ನೇ ಕೇಳಿದರು. ನಿನ್ನ ಅತ್ತಿಗೆಗೆ ಉಬ್ಬಸ. ಎರಡು ವಾರಕ್ಕೆ ಕಾಗದ ಬಂತು. ನನಗೆ ಕೊಡುತ್ತಾರೆ, ಮಗನಿಗೂ ಕೊಡುತ್ತಾರೆ, ಅವಳಿಗಿಲ್ಲ. ಕಾರಣದ ಜಾಗದಲ್ಲಿ ಒಂದೇ ಪದ, ಆಸ್ತಮಾ. ಓದಿ, ಮಡಚಿ, ಒಗ್ಗರಣೆ ಡಬ್ಬಿಯ ಕೆಳಗಿಟ್ಟಳು. ಏನೂ ಮಾತಾಡಲಿಲ್ಲ.

ನಮ್ಮ ಗ್ರಹಚಾರಕ್ಕೆ ಅದೇ ಹೊತ್ತಿಗೆ ಇಲ್ಲಿ ಅಗ್ಗದ ಇನ್ಹೇಲರ್‌ಗಳೂ ನಿಂತಿದ್ದವು. ಅದರೊಳಗಿನ ಗ್ಯಾಸು ಓಝೋನ್ ಪದರಕ್ಕೆ ಕೆಟ್ಟದ್ದು ಅಂತ 2008ರ ಕೊನೆಗೆ ಬಂದ್ ಮಾಡಿದರು. ಹೊಸ ಥರದವು ಬಲು ದುಬಾರಿ. ಮೈಸೂರಿನಿಂದ ಬಂದ ನನ್ನ ಭಾವಮೈದ ಮೆಡಿಕಲ್ ಶಾಪಿನಿಂದ ಆಸ್ತಾಲಿನ್ ಇನ್ಹೇಲರ್ ಕೊಂಡು, ಚಟ್ನಿಪುಡಿ ಪ್ಯಾಕೆಟ್ಟುಗಳ ನಡುವೆ ತುರುಕಿಕೊಂಡು ತಂದ. ಏಳು ತಿಂಗಳು ಅದರಲ್ಲೇ ಕಳೆದೆವು. ಒಂದು ಸಲ ಎಳೆದರೆ ಕ್ಯಾಲೆಂಡರಿನಲ್ಲಿ ಒಂದು ಗೀಟು. ರಾತ್ರಿ ಅವಳಿಗೆ ಉಸಿರು ಕಟ್ಟಿದಾಗಲೂ ಬೆಳಿಗ್ಗೆ ಎದ್ದು ಮೊದಲು ಗೀಟು ಎಳೆಯುತ್ತಿದ್ದಳು.

ಒಬಾಮಾ ಕಾನೂನಿಗೆ ಸಹಿ ಹಾಕಿದ್ದು 2010ರ ಮಾರ್ಚ್ 23ಕ್ಕೆ. 2014ರಿಂದ, ಹಳೇ ಕಾಯಿಲೆ ಇದೆ ಅಂತ ಯಾರಿಗೂ ಪಾಲಿಸಿ ಇಲ್ಲ ಅನ್ನುವ ಹಾಗಿಲ್ಲ. ಅದರ ನೆಪದಲ್ಲಿ ಜಾಸ್ತಿ ದುಡ್ಡು ಕೇಳುವ ಹಾಗೂ ಇಲ್ಲ. ಮಕ್ಕಳು 26 ತುಂಬುವ ತನಕ ಅಪ್ಪ ಅಮ್ಮನ ಪ್ಲಾನಿನಲ್ಲಿ ಇರಬಹುದು. ಆಗ ಒಂದನೇ ಕ್ಲಾಸಿನಲ್ಲಿದ್ದ ನನ್ನ ಮಗ ಈಗ ಓದು ಮುಗಿಸಿ ಕೆಲಸ ಹುಡುಕುತ್ತಿದ್ದಾನೆ, ಇನ್ನೂ ನನ್ನ ಪ್ಲಾನಿನಲ್ಲೇ ಇದ್ದಾನೆ.

ಇದನ್ನು ಕಿತ್ತುಹಾಕಲು ಮಾಡದ ಪ್ರಯತ್ನವಿಲ್ಲ. ಸುಪ್ರೀಂ ಕೋರ್ಟಿನಲ್ಲೇ 2012, 2015, 2021 ಅಂತ ಮೂರು ಸಲ ಬದುಕಿಕೊಂಡಿತು. 2017ರ ಜುಲೈ 28ರ ನಡುರಾತ್ರಿ ನಾವಿಬ್ಬರೂ ಟಿವಿ ಮುಂದೆ ಕೂತಿದ್ದೆವು. ಜಾನ್ ಮೆಕೇನ್ ರಿಪಬ್ಲಿಕನ್, ಒಬಾಮಾ ವಿರುದ್ಧ ಚುನಾವಣೆಗೆ ನಿಂತು ಸೋತವರು. ಆ ತಿಂಗಳಷ್ಟೇ ಮೆದುಳಿನ ಕ್ಯಾನ್ಸರ್ ಅಂತ ಗೊತ್ತಾಗಿತ್ತು. ತಮ್ಮದೇ ಪಕ್ಷದ ರದ್ದತಿ ಮಸೂದೆ ಸೆನೆಟ್ಟಿನಲ್ಲಿ ಮತಕ್ಕೆ ಬಂದಾಗ ಕೈ ಮುಂದೆ ಚಾಚಿ ಹೆಬ್ಬೆರಳು ಕೆಳಗೆ ಮಾಡಿದರು. ರದ್ದತಿ 49-51ಕ್ಕೆ ಬಿದ್ದುಹೋಯಿತು. ನಮ್ಮ ಒಹಾಯೋದಲ್ಲಿ ಬಡವರ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇಡನ್ನು ಈ ಕಾನೂನಿನಡಿ ವಿಸ್ತರಿಸಿದ ಗವರ್ನರ್ ಜಾನ್ ಕೇಸಿಕ್ ಕೂಡ ರಿಪಬ್ಲಿಕನ್ನರೇ. ಹಾಗಾಗಿ ಇದನ್ನು ಸುಮ್ನೆ ಪಕ್ಷದ ಜಗಳ ಅಂದುಕೊಳ್ಳಬೇಡ.

ಈಗ ನಡೆಯುತ್ತಿರುವುದು ಗೆದ್ದಲಿನ ಕೆಲಸ. ಪ್ರೀಮಿಯಂ ಕಟ್ಟಲು ಸರ್ಕಾರದಿಂದ ಸಿಗುತ್ತಿದ್ದ ಹೆಚ್ಚುವರಿ ಸಹಾಯಧನ 2025ರ ಕೊನೆಗೆ ಮುಗಿಯಿತು. ಅದನ್ನು ಉಳಿಸಲು ಡೆಮಾಕ್ರಾಟರು ಹಟ ಹಿಡಿದು, ಸರ್ಕಾರ 43 ದಿನ ಬಾಗಿಲು ಮುಚ್ಚಿದರೂ ಉಳಿಯಲಿಲ್ಲ. 2025ರ ಜುಲೈನ ಹೊಸ ಕಾನೂನಿನ ಪ್ರಕಾರ 2027ರಿಂದ ಎಚ್‌-1ಬಿಯವರಿಗೆ ಉಳಿದ ಸಹಾಯಧನವೂ ಸಿಗುವುದಿಲ್ಲ. ಅಂದರೆ ನಿನಗೆ. ಕೆಲಸ ಹೋದರೆ ಪಾಲಿಸಿ ಕೊಳ್ಳಬಹುದು, ಪೂರ್ತಿ ದುಡ್ಡು ಕೊಟ್ಟು. ವೀಸಾ ಉಳಿಸಿಕೊಳ್ಳಲು 60 ದಿನ, ಪಾಲಿಸಿ ಕೊಳ್ಳಲೂ 60 ದಿನ. ಎರಡು ಗಡಿಯಾರ ಒಟ್ಟಿಗೆ ಓಡುತ್ತವೆ.

ಕನ್ನಡ ಸಂಘದ ಊಟದಲ್ಲಿ ಬಿಸಿಬೇಳೆಬಾತ್ ತಟ್ಟೆ ಹಿಡಿದು ಒಬ್ಬರು ಕೇಳಿದರು, ಕಂಡವರ ಆಸ್ಪತ್ರೆ ಖರ್ಚಿಗೆ ನನ್ನ ಟ್ಯಾಕ್ಸ್ ಯಾಕೆ ಅಂತ. ಸ್ವಾಮಿ, ಎಮರ್ಜೆನ್ಸಿಗೆ ಬಂದವರನ್ನು ದುಡ್ಡಿಲ್ಲ ಅಂತ ಹಿಂದೆ ಕಳಿಸುವ ಹಾಗಿಲ್ಲ ಅನ್ನುವ ಕಾನೂನು 1986ರಿಂದಲೇ ಇದೆ. ಇನ್ಶೂರೆನ್ಸ್ ಇಲ್ಲದವನು ರೋಗ ಉಲ್ಬಣಿಸಿದ ಮೇಲೆ ಅಲ್ಲಿಗೆ ಬರುತ್ತಾನೆ. ಆ ಖರ್ಚು ಸುತ್ತಿ ಬಳಸಿ ನಮ್ಮ ಬಿಲ್ಲಿಗೇ ಬರುತ್ತದೆ. ಅವರು ಹಪ್ಪಳ ಹಾಕಿಸಿಕೊಳ್ಳಲು ಎದ್ದು ಹೋದರು.

ಕಾನೂನು ಚಿನ್ನ ಅಂತ ನಾನು ಹೇಳಲ್ಲ. ಎಷ್ಟೋ ಪ್ಲಾನ್‌ಗಳಲ್ಲಿ ಡಿಡಕ್ಟಿಬಲ್ ಸಾವಿರಾರು ಡಾಲರ್. ಅಷ್ಟು ನಮ್ಮ ಜೇಬಿನಿಂದ ಹೋದಮೇಲೆ ಇನ್ಶೂರೆನ್ಸ್ ಕಣ್ಣು ಬಿಡುತ್ತದೆ. ಸಂಪಾದನೆ ಮಿತಿಗಿಂತ ಸ್ವಲ್ಪ ಜಾಸ್ತಿ ಇದ್ದರೂ ಸಹಾಯಧನ ಇಲ್ಲ. ರಿಪೇರಿ ಮಾಡಲಿ, ಬೇಡ ಅಂದವರು ಯಾರು? ಆದರೆ ಕಿತ್ತುಹಾಕುವುದು ಬೇಡ. ನಿಮ್ಮ ತಂದೆಯವರ ಯಶಸ್ವಿನಿ ಆರೋಗ್ಯ ವಿಮೆ ಕಾರ್ಡ್ ನೆನಪಿಸಿಕೋ. 2018ರಲ್ಲಿ ಅದನ್ನು ಬೇರೆ ಯೋಜನೆಯೊಳಗೆ ಸೇರಿಸಿದ್ದರು, ಆಮೇಲೆ ಮತ್ತೆ ತರಬೇಕಾಯಿತು.

ಬರುವ ಮುಂಚೆ ಒಂದು ಕೆಲಸ ಮಾಡು. ಇನ್ಶೂರೆನ್ಸ್ ಕೆಲಸಕ್ಕೆ ಸೇರಿದ ದಿನದಿಂದಲೋ, ಮುಂದಿನ ತಿಂಗಳಿಂದಲೋ ಅಂತ ಎಚ್‌ಆರ್‌ಗೆ ಬರೆದು ಕೇಳು. ಇನ್ಹೇಲರ್ ಏನಾದರೂ ತರಲೇ ಅಂತ ಕೇಳಿದ್ದೆಯಲ್ಲ, ಬೇಡಪ್ಪ, ಅತ್ತಿಗೆಗೆ ಈಗ ಇಲ್ಲೇ ಸಿಗುತ್ತದೆ. ಚಟ್ನಿಪುಡಿ ತಂದರೆ ಬೇಡ ಅನ್ನಲ್ಲ.