ಸ್ವಂತ ಸೈನ್ಯ ಇದ್ದರೂ ಸರ್ಕಾರಗಳು ಖಾಸಗಿ ಸೇನಾ ಕಂಪನಿಗಳನ್ನು ಯಾಕೆ ಇಟ್ಟುಕೊಳ್ಳುತ್ತವೆ? ಇವರೂ ಬಾಡಿಗೆ ಸೈನಿಕರೇ ಅಲ್ವಾ?

ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಮೊದಲನೆಯದಕ್ಕೂ ಅರ್ಧ ಉತ್ತರ ಅಲ್ಲೇ ಇದೆ.

ಆಡುಮಾತಿನಲ್ಲಿ ಹೌದು, ದುಡ್ಡು ತೆಗೆದುಕೊಂಡು ಬೇರೆಯವರ ಯುದ್ಧಕ್ಕೆ ಹೋಗುವವನು ಬಾಡಿಗೆ ಸೈನಿಕನೇ. ಆದರೆ ಕಾನೂನಿನಲ್ಲಿ ಹಾಗೆ ಸಾಬೀತು ಮಾಡುವುದು ತುಂಬಾ ಕಷ್ಟ. ಯುದ್ಧದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಪ್ರೋಟೋಕಾಲ್‌ನ (ಪೂರಕ ಒಪ್ಪಂದದ) 47ನೇ ವಿಧಿಯಲ್ಲಿ ಆರು ಷರತ್ತುಗಳಿವೆ. ಆತ ಕಾದಾಡಲೆಂದೇ ನೇಮಕವಾಗಿರಬೇಕು, ನಿಜವಾಗಿಯೂ ಕಾದಾಡಿರಬೇಕು, ದುಡ್ಡಿಗಾಗಿಯೇ ಬಂದಿರಬೇಕು, ಅಲ್ಲಿನ ಸೈನಿಕನಿಗಿಂತ ಬಹಳ ಜಾಸ್ತಿ ಸಂಬಳ ಇರಬೇಕು, ಯುದ್ಧದಲ್ಲಿರುವ ದೇಶದ ಪ್ರಜೆಯಾಗಿರಬಾರದು, ಹೀಗೆ. ಒಂದು ತಪ್ಪಿದರೂ ಆತ ಬಾಡಿಗೆ ಸೈನಿಕನಲ್ಲ. ಇರಾಕ್ ಯುದ್ಧದಲ್ಲಿ ಬಂದೂಕು ಹಿಡಿದು ನಿಂತ ಅಮೆರಿಕನ್ ಗಾರ್ಡ್‌ನನ್ನೇ ನೋಡಿ. ಯುದ್ಧದಲ್ಲಿದ್ದ ದೇಶದ ಪ್ರಜೆ ಆತ, ಹಾಗಾಗಿ ಲೆಕ್ಕಕ್ಕೆ ಬರುವುದೇ ಇಲ್ಲ.

ಈಗ ಮೊದಲನೇ ಪ್ರಶ್ನೆ. ಬೇಗ ಸಿಗುತ್ತಾರೆ, ಅನುಭವ ಇರುತ್ತದೆ, ಕೆಲಸ ಮುಗಿದ ಮೇಲೆ ಪಿಂಚಣಿ ಕೊಡಬೇಕಿಲ್ಲ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಸುಳ್ಳಲ್ಲ. ಆದರೆ ಇದರ ಬಗ್ಗೆ ಓದುತ್ತಾ ಹೋದಂತೆ ನನಗೆ ಗಟ್ಟಿಯಾಗಿ ಅನಿಸಿದ್ದು ಬೇರೆ. ಸರ್ಕಾರಗಳು ಇಲ್ಲಿ ಮುಖ್ಯವಾಗಿ ಕೊಂಡುಕೊಳ್ಳುವುದು "ಅವರು ನಮ್ಮವರಲ್ಲ" ಎನ್ನುವ ಒಂದು ಮಾತನ್ನು.

ರಷ್ಯಾದ ಖಾಸಗಿ ಸೇನಾ ಪಡೆ ವ್ಯಾಗ್ನರ್ ಕಥೆ ನೋಡಿ. ರಷ್ಯಾದಲ್ಲಿ ಬಾಡಿಗೆ ಸೈನಿಕರಾಗಿ ಹೋಗುವುದು ಅಪರಾಧ, ದಂಡ ಸಂಹಿತೆಯ 359ನೇ ವಿಧಿಯೇ ಇದೆ. ಆದರೂ 2014ರಿಂದ ಉಕ್ರೇನ್, ಸಿರಿಯಾ, ಲಿಬಿಯಾ, ಮಧ್ಯ ಆಫ್ರಿಕಾ ಗಣರಾಜ್ಯ, ಮಾಲಿ ಎಲ್ಲ ಕಡೆ ಇವರು ಇದ್ದರು. 2018ರ ಫೆಬ್ರುವರಿಯಲ್ಲಿ ಸಿರಿಯಾದ ದೇರ್ ಎಜ್ಜೋರ್ ಹತ್ತಿರ ಅಮೆರಿಕದ ಪಡೆ ಇದ್ದ ಜಾಗದ ಮೇಲೆ ದಾಳಿ ಮಾಡಲು ಹೊರಟ ಗುಂಪಿನಲ್ಲಿ ವ್ಯಾಗ್ನರ್‌ನವರೂ ಇದ್ದರು. ಅಮೆರಿಕ ಫೋನ್‌ನಲ್ಲಿ ಕೇಳಿದಾಗ ರಷ್ಯಾದ ಸೇನಾಧಿಕಾರಿಗಳು ಅವರು ನಮ್ಮವರಲ್ಲ ಎಂದುಬಿಟ್ಟರು. ಆಮೇಲೆ ಗಂಟೆಗಟ್ಟಲೆ ಬಾಂಬ್ ಬಿತ್ತು. ಅಲ್ಲಿ ಸತ್ತವರಿಗೂ ಮನೆ ಇತ್ತು, ತಾಯಿ ಇದ್ದಳು, ಆ ಒಂದು ಮಾತಿಗೆ ಅವರೆಲ್ಲ ಯಾರಿಗೂ ಸೇರದವರಾದರು. ಇದನ್ನು ಮೊದಲ ಸಲ ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗಿತ್ತು. ಇನ್ನು ಈ ಗುಂಪಿನ ಯಜಮಾನ ಪ್ರಿಗೋಜಿನ್, ವ್ಯಾಗ್ನರ್ ತನ್ನದು ಎಂದು ಒಪ್ಪಿಕೊಂಡಿದ್ದೇ 2022ರ ಸೆಪ್ಟೆಂಬರ್‌ನಲ್ಲಿ. 2023ರ ಜೂನ್‌ನಲ್ಲಿ ಆತ ದಂಗೆ ಎದ್ದ ಮೇಲೆ ಪುಟಿನ್ ಅವರೇ ಬಾಯಿಬಿಟ್ಟು, ಆ ಪಡೆಯ ಪೂರ್ತಿ ಖರ್ಚು ಸರ್ಕಾರದ್ದು, ಹಿಂದಿನ ಒಂದು ವರ್ಷದಲ್ಲೇ 86 ಬಿಲಿಯನ್ ರೂಬಲ್‌ಗಿಂತ ಜಾಸ್ತಿ ಕೊಟ್ಟಿದ್ದೇವೆ ಎಂದರು. ದಂಗೆಯಾಗಿ ಎರಡು ತಿಂಗಳಿಗೆ ಪ್ರಿಗೋಜಿನ್ ವಿಮಾನ ಬಿದ್ದು ಸತ್ತ.

ರಷ್ಯಾ ಮಾತ್ರ ಹೀಗೆ ಅಂದುಕೊಳ್ಳಬೇಡಿ. 2007ರ ಸೆಪ್ಟೆಂಬರ್ 16ರಂದು ಬಾಗ್ದಾದ್‌ನ ನಿಸೂರ್ ಚೌಕದಲ್ಲಿ ಅಮೆರಿಕದ ಖಾಸಗಿ ಭದ್ರತಾ ಕಂಪನಿ ಬ್ಲ್ಯಾಕ್‌ವಾಟರ್‌ನ ಗಾರ್ಡ್‌ಗಳು ಟ್ರಾಫಿಕ್‌ನಲ್ಲಿ ನಿಂತಿದ್ದ ಜನರ ಮೇಲೆ ಗುಂಡು ಹಾರಿಸಿದರು. ಇರಾಕಿನ ಲೆಕ್ಕದಲ್ಲಿ 17 ಜನ ಸತ್ತರು, ಅವರಲ್ಲಿ ಒಂಬತ್ತು ವರ್ಷದ ಹುಡುಗನೂ ಇದ್ದ. ಇರಾಕಿನ ಕೋರ್ಟ್ ಅವರನ್ನು ಮುಟ್ಟುವ ಹಾಗಿರಲಿಲ್ಲ. ಯಾಕೆಂದರೆ 2004ರಲ್ಲಿ ಅಧಿಕಾರ ಬಿಟ್ಟುಕೊಡುವ ಮೊದಲು, ಇರಾಕನ್ನು ಆಳುತ್ತಿದ್ದ ಅಮೆರಿಕದ ಆಡಳಿತ ಹೊರಡಿಸಿದ 17ನೇ ಆದೇಶ ಗುತ್ತಿಗೆದಾರರಿಗೆ ಅಲ್ಲಿನ ಕಾನೂನಿನಿಂದ ರಕ್ಷಣೆ ಕೊಟ್ಟಿತ್ತು. ಅಮೆರಿಕದಲ್ಲಿ ಕೇಸ್ ಒಮ್ಮೆ ಬಿದ್ದು ಹೋಗಿ, ಮತ್ತೆ ಎದ್ದು, 2014ರಲ್ಲಿ ನಾಲ್ವರು ತಪ್ಪಿತಸ್ಥರು ಎಂದು ತೀರ್ಪಾಯಿತು. ಸಾಕ್ಷಿ ಹೇಳಲು ಇರಾಕಿನಿಂದ ಅಷ್ಟು ದೂರ ಬಂದವರಿದ್ದರು. 2020ರ ಡಿಸೆಂಬರ್‌ನಲ್ಲಿ ಟ್ರಂಪ್ ನಾಲ್ವರಿಗೂ ಕ್ಷಮಾದಾನ ಕೊಟ್ಟರು. ಸತ್ತವರ ಮನೆಯವರನ್ನು ಆ ದಿನ ಯಾರಾದರೂ ಒಂದು ಮಾತು ಕೇಳಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಈ ಕಂಪನಿಗಳಿಂದ ಒಳ್ಳೆಯದೂ ಆಗಿದೆ ಎನ್ನುವವರು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶವನ್ನು ತೋರಿಸುತ್ತಾರೆ. 1995ರಲ್ಲಿ ದಕ್ಷಿಣ ಆಫ್ರಿಕಾದ ಎಕ್ಸಿಕ್ಯೂಟಿವ್ ಔಟ್‌ಕಮ್ಸ್ ಎಂಬ ಕಂಪನಿ ಬಂದು, ರಾಜಧಾನಿಯ ಹತ್ತಿರ ಬಂದಿದ್ದ ಬಂಡುಕೋರರನ್ನು ಹಿಂದಕ್ಕೆ ಅಟ್ಟಿತು. ನಿಜ, ಜನ ಉಸಿರಾಡಿದರು. 1997ರ ಆರಂಭದಲ್ಲಿ ಅವರು ಹೊರಟರು, ಅದೇ ಮೇ ತಿಂಗಳಲ್ಲಿ ಸೈನಿಕರು ದಂಗೆ ಎದ್ದು ಸರ್ಕಾರ ಬಿತ್ತು. ಬಾಡಿಗೆಗೆ ತಂದ ಭದ್ರತೆ ಅವರ ಜೊತೆಗೇ ಹೋಯಿತು.

ನಿಯಮ ಇಲ್ಲವೇ ಎಂದರೆ, 2008ರಲ್ಲಿ 17 ದೇಶಗಳು ಸೇರಿ ಇಂಥ ಕಂಪನಿಗಳ ಬಗ್ಗೆ ಮಾಂಟ್ರೂ ದಾಖಲೆ ಅಂತ ಒಂದು ಮಾಡಿಕೊಂಡವು. ಅದು ಯಾರನ್ನೂ ಕಟ್ಟಿಹಾಕುವಂಥದ್ದಲ್ಲ.

ಇನ್ನೊಂದು ವಿಷಯ, ಇದು ಯಾರ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ. ಗುತ್ತಿಗೆ ಅಂದರೆ ನಮಗೆ ಬಂದೂಕು, ಕಪ್ಪು ಕನ್ನಡಕ ನೆನಪಾಗುತ್ತದೆ. ಆದರೆ ಹೆಚ್ಚಿನವರು ಅಡುಗೆಯವರು, ಡ್ರೈವರ್‌ಗಳು, ಮೆಕ್ಯಾನಿಕ್‌ಗಳು, ದುಭಾಷಿಗಳು, ಗೇಟ್ ಕಾಯುವವರು. 2008ರ ಆರಂಭದಲ್ಲಿ ಇರಾಕ್ ಮತ್ತು ಅಕ್ಕಪಕ್ಕದ ದೇಶಗಳಲ್ಲಿ ಅಮೆರಿಕಕ್ಕಾಗಿ ದುಡಿಯುತ್ತಿದ್ದ ಗುತ್ತಿಗೆ ನೌಕರರು ಸುಮಾರು 1,90,000, ಹೆಚ್ಚುಕಮ್ಮಿ ಅಲ್ಲಿದ್ದ ಸೈನಿಕರಷ್ಟೇ ಜನ. ಅವರಲ್ಲಿ ಅಮೆರಿಕನ್ನರು ಐದರಲ್ಲಿ ಒಬ್ಬರು. ಸೈನಿಕ ಸತ್ತರೆ ರಕ್ಷಣಾ ಇಲಾಖೆ ಹೆಸರು ಹೇಳಿ ಪ್ರಕಟಿಸುತ್ತದೆ. ಇವರು ಸತ್ತರೆ ಲೆಕ್ಕ ಸಿಗುವುದು ಕಾರ್ಮಿಕ ಇಲಾಖೆಯ ವಿಮೆ ಕ್ಲೇಮುಗಳಲ್ಲಿ, ಹೆಸರಿಲ್ಲದೆ, ಕಂಪನಿವಾರು ಸಂಖ್ಯೆಯಾಗಿ. ಅದೂ ಯಾರಾದರೂ ಕ್ಲೇಮ್ ಮಾಡಿದ್ದರೆ.

2016ರ ಜೂನ್ 20ರ ಬೆಳಿಗ್ಗೆ ಕಾಬೂಲ್‌ನಲ್ಲಿ ಒಂದು ಮಿನಿಬಸ್ ಮೇಲೆ ಆತ್ಮಾಹುತಿ ದಾಳಿ ನಡೆದು 13 ನೇಪಾಳಿ ಗಾರ್ಡ್‌ಗಳು ಸತ್ತರು. ಕೆನಡಾ ರಾಯಭಾರ ಕಚೇರಿಯ ಕಾವಲಿಗೆ ಹೊರಟಿದ್ದರು. ಬಸ್ಸಿಗೆ ಗುಂಡು, ಬಾಂಬ್ ತಡೆಯುವ ಕವಚ ಇರಲಿಲ್ಲ. ಅವರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದು ಒಂದು ಖಾಸಗಿ ಕಂಪನಿ. ಆ ಯುದ್ಧದಲ್ಲಿದ್ದ ಯಾವ ಸೈನ್ಯದ ಸಾವಿನ ಪಟ್ಟಿಯಲ್ಲೂ ಅವರಿಲ್ಲ.