ಅಸ್ಮಿ, ಅಸಿ, ಅಸ್ತಿ: ಫ್ರಾಂಟ್ಸ್ ಬಾಪ್ ಹಿಡಿದ ಎಳೆ

ಪ್ರಶ್ನೆ: ಯುರೋಪಿನ ಭಾಷೆಗಳೆಲ್ಲ ಸಂಸ್ಕೃತದಿಂದಲೇ ಹುಟ್ಟಿದವು ಎಂದು ಜರ್ಮನಿಯ ಫ್ರಾಂಟ್ಸ್ ಬಾಪ್ ತೋರಿಸಿಕೊಟ್ಟರು ಅಂತ ಒಂದು ಭಾಷಣದಲ್ಲಿ ಕೇಳಿದೆ. ನಿಜವೇ? ಅವರು ಯಾರು? ಕನ್ನಡವೂ ಆ ಲೆಕ್ಕಕ್ಕೆ ಬರುತ್ತದೆಯೇ?
– ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬಾಪ್ ತೋರಿಸಿದ್ದು ಅದಲ್ಲ. ಅವರ ಪ್ರಕಾರ ಸಂಸ್ಕೃತ ಆ ಭಾಷೆಗಳ ತಾಯಿಯಲ್ಲ, ಅಕ್ಕ.

ಬಾಪ್ ಹುಟ್ಟಿದ್ದು 1791ರಲ್ಲಿ, ಮೈನ್ಸ್ ಊರಿನಲ್ಲಿ. 1812ರಲ್ಲಿ ಪ್ಯಾರಿಸ್‌ಗೆ ಹೋಗಿ ಸಂಸ್ಕೃತ ಕಲಿತರು. 1816ರಲ್ಲಿ ಮೊದಲ ಪುಸ್ತಕ ಬಂತು. ಸಂಸ್ಕೃತ, ಗ್ರೀಕ್, ಲ್ಯಾಟಿನ್, ಪರ್ಷಿಯನ್, ಜರ್ಮನ್ ಭಾಷೆಗಳ ಕ್ರಿಯಾಪದಗಳನ್ನು ಅದರಲ್ಲಿ ಪಕ್ಕಪಕ್ಕ ಇಟ್ಟು ನೋಡಿದ್ದರು. ಆಗ ಅವರಿಗೆ ಸುಮಾರು 25 ವರ್ಷ, ಅಷ್ಟೇ.

ಈ ಭಾಷೆಗಳಿಗೆ ನಂಟಿದೆ ಎಂದು ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲೇ ಹೇಳಿದ್ದರು. ಬಾಪ್ ಅದನ್ನು ಬಿಡಿಸಿ ತೋರಿಸಿದರು. ಸಂಸ್ಕೃತದ 'ಅಸ್ತಿ' (ಇದೆ) ಗ್ರೀಕ್‌ನಲ್ಲಿ 'ಎಸ್ತಿ', ಲ್ಯಾಟಿನ್‌ನಲ್ಲಿ 'ಎಸ್ಟ್', ಜರ್ಮನ್‌ನಲ್ಲಿ 'ಇಸ್ಟ್'. ಲಿಥುವೇನಿಯಾದ ಹಳೆಯ ರೂಪಗಳನ್ನು ಕೇಳಿ: ಎಸ್ಮಿ, ಎಸಿ, ಎಸ್ತಿ. ನಮ್ಮ ಕಿವಿಗೆ ಸಂಸ್ಕೃತದ ಅಸ್ಮಿ, ಅಸಿ, ಅಸ್ತಿ (ಇದ್ದೇನೆ, ಇದ್ದೀಯ, ಇದೆ) ಎಂದೇ ಕೇಳಿಸುತ್ತದೆ, ಅಲ್ವಾ?

ಸುಮ್ನೆ ಪದ ಹೋಲಿದರೆ ಸಾಲದು. ಪದಗಳನ್ನು ಎರವಲು ತರಬಹುದು. ನಮ್ಮಲ್ಲಿಗೆ ಬಸ್ಸು ಬಂತು, ಟಿಕೆಟ್ಟೂ ಬಂತು. ಆದರೆ ಹತ್ತಿದೆನು, ಹತ್ತಿದನು, ಹತ್ತಿದಳು ಎನ್ನುವಾಗಿನ ಕೊನೆಯ ತುಣುಕು ನಮ್ಮದೇ ಉಳಿಯಿತು. ಬಾಪ್ ಹಿಡಿದದ್ದು ಆ ತುಣುಕನ್ನೇ. ಧಾತು, ಪ್ರತ್ಯಯ ಎಂದು ಬಿಡಿಸುವುದು ನಮ್ಮ ವೈಯಾಕರಣರು ಬಹಳ ಹಿಂದೆಯೇ ಪಳಗಿಸಿದ್ದ ವಿದ್ಯೆ.

ತಾಯಿಯೋ ಅಕ್ಕನೋ ಎಂಬ ಮಾತಿಗೆ ಬರೋಣ. 1816ರಲ್ಲಿ ಬಾಪ್ ಎರಡಕ್ಕೂ ಜಾಗ ಬಿಟ್ಟಿದ್ದರು: ಉಳಿದವು ಸಂಸ್ಕೃತದಿಂದ ಬಂದಿರಬಹುದು, ಇಲ್ಲವೇ ಅದರ ಜೊತೆಗೇ ಒಂದೇ ತಾಯಿಯಿಂದ. 1820ರಲ್ಲಿ ಖಚಿತವಾಗಿ ಬರೆದರು: ಎಲ್ಲವೂ ಒಂದು ಮೂಲ ಭಾಷೆಯ ಕವಲುಗಳು, ಸಂಸ್ಕೃತ ಆ ಹಳೆಯ ರೂಪವನ್ನು ಜಾಸ್ತಿ ಉಳಿಸಿಕೊಂಡಿದೆ. ಹೀಗೆ ತಿದ್ದಿಕೊಂಡದ್ದಕ್ಕೇ ನನಗೆ ಅವರ ಮೇಲೆ ಗೌರವ ಹೆಚ್ಚು.

ಲಂಡನ್‌ನಲ್ಲಿ ಜರ್ಮನ್ ವಿದ್ವಾಂಸ ವಿಲ್ಹೆಲ್ಮ್ ಫಾನ್ ಹುಂಬೋಲ್ಟ್‌ಗೆ ಸಂಸ್ಕೃತ ಕಲಿಸಿದರು. 1821ರಲ್ಲಿ ಬರ್ಲಿನ್‌ನಲ್ಲಿ ಪ್ರಾಧ್ಯಾಪಕರಾದರು. ದೊಡ್ಡ ತೌಲನಿಕ ವ್ಯಾಕರಣ 1833ರಿಂದ 1852ರವರೆಗೆ ಕಂತುಕಂತಾಗಿ ಹೊರಬಂತು. 1867ರಲ್ಲಿ ಬರ್ಲಿನ್‌ನಲ್ಲೇ ತೀರಿಕೊಂಡರು. ಎಡವಿದ್ದೂ ಉಂಟು. ಮಲಯ, ಜಾವಾ, ಪೆಸಿಫಿಕ್ ದ್ವೀಪಗಳ ಕಡೆಯ ಮಲಯ-ಪಾಲಿನೇಷಿಯನ್ ಭಾಷೆಗಳನ್ನೂ ಇದೇ ಕುಟುಂಬಕ್ಕೆ ಸೇರಿಸಲು ಹೋದರು. ಅದು ನಿಲ್ಲಲಿಲ್ಲ.

ಕನ್ನಡ ಈ ಕುಟುಂಬದ್ದಲ್ಲ. ಸಂಸ್ಕೃತದಿಂದ ಪದಗಳು ಬೇಕಾದಷ್ಟು ಬಂದಿವೆ, ಕೊನೆಯ ತುಣುಕು ಬೇರೆ. 'ಬಂದೆನು, ಬಂದನು' ಎಂಬುದರ ಪಕ್ಕ ತಮಿಳಿನ 'ವಂದೇನ್, ವಂದಾನ್' ಇಟ್ಟು ನೋಡಿ. ಬಾಪ್ ಪುಸ್ತಕ ಬಂದ ಅದೇ 1816ರಲ್ಲಿ, ಮದರಾಸಿನಲ್ಲಿ ಎಲ್ಲಿಸ್ ಎಂಬ ಅಧಿಕಾರಿ ತಮಿಳು, ತೆಲುಗು, ಕನ್ನಡದ ಧಾತುಗಳನ್ನು ಹೋಲಿಸಿ, ಇವುಗಳದ್ದೇ ಬೇರೆ ಮನೆತನ ಎಂದು ಅಚ್ಚು ಹಾಕಿಸಿದ್ದರು.