ಕಲಬುರಗಿಯಿಂದ ಜುಬಾಕ್ಕೆ ಡೀಸೆಲ್ ಮೆಕ್ಯಾನಿಕ್ ಕೆಲಸಕ್ಕೆ ಹೋಗಬಹುದೇ?

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ಜನರೇಟರ್ ರಿಪೇರಿ ಬರ್ತದ, ದಕ್ಷಿಣ ಸುಡಾನಿನ ಜುಬಾದಲ್ಲಿ ಕೆಲಸ ಕೊಡಿಸ್ತೀನಿ ಅಂತ ಏಜೆಂಟ್ ಹೇಳ್ತಾನ, ಹೋಗಲಾ ಎಂದು ಕೇಳಿದ್ದೀರಿ. ಹೋಗಬಹುದು. ಆದರೆ ಗಲಾಟೆಯಾದ ದಿನ ನಿಮ್ಮನ್ನು ಯಾರು, ಯಾರ ರೊಕ್ಕದಲ್ಲಿ ಹೊರಗೆ ತರುತ್ತಾರೆ ಅನ್ನೋದು ಕರಾರಿನಲ್ಲಿ ಬರೆದಿದ್ದರೆ ಮಾತ್ರ.

ಆ ದೇಶ ಸ್ವತಂತ್ರವಾದದ್ದು 2011ರ ಜುಲೈ 9ರಂದು. 2013ರ ಡಿಸೆಂಬರಿನಲ್ಲಿ ಅಂತರ್ಯುದ್ಧ ಶುರುವಾಯಿತು. 2016ರ ಜುಲೈನಲ್ಲಿ ಜುಬಾದಲ್ಲೇ ಕಾಳಗ ನಡೆದಾಗ ನಮ್ಮ ವಾಯುಪಡೆಯ ವಿಮಾನಗಳು ಹೋಗಿ ಭಾರತೀಯರನ್ನು ಕರೆತಂದವು. 2018ರ ಶಾಂತಿ ಒಪ್ಪಂದದ ನಂತರವೂ 2025ರಲ್ಲಿ ಪರಿಸ್ಥಿತಿ ಮತ್ತೆ ಬಿಗಡಾಯಿಸಿತು. ಜುಬಾದಲ್ಲಿ ನಮ್ಮ ರಾಯಭಾರ ಕಚೇರಿ ಇದೆ. ಇಳಿದ ವಾರದಲ್ಲೇ ಫೋನ್ ನಂಬರು, ಇರುವ ಜಾಗ ಅಲ್ಲಿ ಬರೆಸಿ.

ಹತ್ತನೇ ಪಾಸಾಗಿಲ್ಲದಿದ್ದರೆ ನಿಮ್ಮದು ಇಸಿಆರ್ ಪಾಸ್‌ಪೋರ್ಟ್, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರಕಾರದ ಅನುಮತಿ ಬೇಕಾದದ್ದು. ದಕ್ಷಿಣ ಸುಡಾನ್ ಅಂಥ 18 ದೇಶಗಳಲ್ಲಿ ಒಂದು, ಹಾಗಾಗಿ ಸರಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಆ ಅನುಮತಿ, ಅಂದರೆ ಎಮಿಗ್ರೇಷನ್ ಕ್ಲಿಯರೆನ್ಸ್, ಬೇಕೇ ಬೇಕು. ಜೊತೆಗೆ ₹10 ಲಕ್ಷದ ಪ್ರವಾಸಿ ಭಾರತೀಯ ಬಿಮಾ ಎಂಬ ವಿಮೆ, ಎರಡು ವರ್ಷಕ್ಕೆ ಪ್ರೀಮಿಯಂ ₹275. ಲೈಸೆನ್ಸ್ ಇರುವ ಏಜೆಂಟ್ ₹30,000 ಮತ್ತು ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ. "ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸೋಣ" ಎಂದರೆ ಅವನನ್ನು ಅಲ್ಲಿಗೇ ಬಿಡಿ. ಹಾಗೆ ಹೋದವನಿಗೆ ಆ ವಿಮೆಯೂ ಇಲ್ಲ, ಕರಾರಿನ ಆಸರೆಯೂ ಇಲ್ಲ.

ಹಳದಿ ಜ್ವರದ ಲಸಿಕೆ ಹೊರಡುವ ಕನಿಷ್ಠ 10 ದಿನ ಮೊದಲು ಆಗಿರಬೇಕು. ನಿಮಗೆ ಹೈದರಾಬಾದಿನ ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್ ಹತ್ತಿರ. ಲಸಿಕೆ ಹಾಕಿದಾಗ ಕೊಡುವ ಹಳದಿ ಕಾರ್ಡು ಜೋಪಾನ, ಅದಿಲ್ಲದೆ ಊರಿಗೆ ವಾಪಸಾದರೆ ಏರ್‌ಪೋರ್ಟಿನಲ್ಲೇ ತಡೆದು 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು.

ಮಲೇರಿಯಾವನ್ನು ಹಗುರವಾಗಿ ತಗೋಬೇಡಿ. ಅಲ್ಲಿರುವುದು ಹೆಚ್ಚಾಗಿ ಫಾಲ್ಸಿಪಾರಂ ಎಂಬ ಅಪಾಯದ ಬಗೆ, ತಡಮಾಡಿದರೆ ಮಿದುಳಿಗೆ ಏರುತ್ತದೆ. ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಮಲೇರಿಯಾ ಬಾರದಂತೆ ಡಾಕ್ಟರು ಡಾಕ್ಸಿಸೈಕ್ಲಿನ್ ಗುಳಿಗೆ ಬರೆದರೆ ದಿನಕ್ಕೆ 100 ಮಿಗ್ರಾಂ, ಹೊರಡುವ ಒಂದೆರಡು ದಿನ ಮೊದಲಿಂದ, ಬಂದ ಮೇಲೂ 4 ವಾರ. ಊಟದ ಜೊತೆ ತುಂಬಾ ನೀರು ಕುಡಿದು ನುಂಗಿ, ಕೂಡಲೇ ಮಲಗಬೇಡಿ, ಗುಳಿಗೆ ಅನ್ನನಾಳ ಸುಡುತ್ತದೆ. ಈ ಗುಳಿಗೆ ತಗೊಂಡರೆ ಬಿಸಿಲಲ್ಲಿ ಚರ್ಮವೂ ಬೇಗ ಸುಡುತ್ತದೆ, ಹೊರಗೆ ಕೆಲಸ ಮಾಡುವವರು ತುಂಬುದೋಳಿನ ಅಂಗಿಯೇ ಹಾಕಬೇಕು.

ಸಂಬಳ ಡಾಲರಿನಲ್ಲೇ ಎಂದು ಬರೆಸಿ. ಸರಕಾರದ ಆದಾಯ ಬಹುಪಾಲು ಎಣ್ಣೆಯಿಂದ, ಆ ಎಣ್ಣೆ ಸುಡಾನಿನ ಪೈಪ್‌ಲೈನಿನಲ್ಲಿ ಹೋಗಬೇಕು. 2024ರಲ್ಲಿ ಪೈಪ್ ಒಡೆದು ಅಲ್ಲಿನ ಪೌಂಡ್ ನೆಲ ಕಚ್ಚಿತು. ಕಾರ್ಡು ನಂಬಿ ಹೋಗಬೇಡಿ, ನಗದು ಒಯ್ಯಿರಿ. ಹರಿದ, ಗೀಚಿದ, ಹಳೇ ಸರಣಿಯ ಡಾಲರ್ ನೋಟು ಯಾರೂ ಮುಟ್ಟುವುದಿಲ್ಲ. ನಡುವೆ ನೀಲಿ ಪಟ್ಟಿಯ ನೂರರ ನೋಟನ್ನೇ ಕೇಳಿ, ಮಡಚದೆ ಇಡಿ.

ಸೈನಿಕರು, ಸೇತುವೆ, ಏರ್‌ಪೋರ್ಟಿನ ಫೋಟೋ ತೆಗೆದರೆ ಫೋನ್ ಕಿತ್ತುಕೊಳ್ಳುತ್ತಾರೆ, ಹಿಡಿದೂ ಹಾಕಬಹುದು. ಡಿಂಕಾ, ನುವೇರ್ ಅಲ್ಲಿನ ಎರಡು ದೊಡ್ಡ ಬುಡಕಟ್ಟುಗಳು; ನೀನು ಡಿಂಕಾನೋ ನುವೇರನೋ ಎಂದು ಯಾರನ್ನೂ ಕೇಳಬೇಡಿ, ಯುದ್ಧದ ಗಾಯ ಇನ್ನೂ ಹಸಿ.

ಊಟದ ಚಿಂತೆ ಬೇಡ, ಜೋಳ ಅವರ ಮುಖ್ಯ ಧಾನ್ಯ. ಹಿಟ್ಟು ಹುಳಿಬರಿಸಿ ತೆಳ್ಳಗೆ ಹುಯ್ಯುವ ಕಿಸ್ರಾ ನಿಮಗೆ ಒಗ್ಗೀತು. ಮಣ್ಣೂ ಬಹಳ ಕಡೆ ನಮ್ಮಂಥ ಎರೆಯೇ, ಮೇಯಿಂದ ಅಕ್ಟೋಬರ್‌ವರೆಗೆ ಹಳ್ಳಿರಸ್ತೆ ಬಂದ್. ಜುಬಾದ ಹೊರಗಿನ ಸೈಟಿಗೆ ಕಳಿಸುವುದಾದರೆ ಮಳೆಗಾಲದಲ್ಲಿ ಅಲ್ಲಿಂದ ವಿಮಾನದ ಏರ್ಪಾಡು ಇದೆಯಾ ಎಂದು ಸಹಿ ಹಾಕುವ ಮುನ್ನವೇ ಕೇಳಿ.